ತಾಸ್‌ಬಾಕಾ

ಮೊದಲೇ ಹೇಳಿಬಿಡುತ್ತೇನೆ: ಬೋರಲು ಹಾಕಿದ್ದು ನಾನೇ.

ಮೊಯ್ನಾಕ್ ಶಾಲೆಯಲ್ಲಿ ನಮಗಾಗ ಒಂಬತ್ತು ವರ್ಷ.
ಸಮುದ್ರ ಬಿಟ್ಟುಹೋದ ನೆಲ ಕಿಟಕಿಯಾಚೆಗೇ ಶುರು.
ಗಾಳಿ ಎದ್ದ ದಿನ ರೊಟ್ಟಿಯೂ ಉಪ್ಪು, ಪುಸ್ತಕವೂ ಉಪ್ಪು,
ಅಮ್ಮ ಕೊಟ್ಟ ಮುತ್ತೂ ಉಪ್ಪು.
ಆ ವಸಂತದಲ್ಲಿ ಲಾರಿಯೊಂದು ಬಂದು
ತಲೆಗೊಂದರಂತೆ ಇಪ್ಪತ್ತು ಆಮೆ ಇಳಿಸಿತು:
ತಗಡಿನ ಚಿಪ್ಪು, ಬೆನ್ನ ಮೇಲೆ ಬಿಸಿಲು ಕುಡಿಯುವ ಗಾಜು,
ಹೊಟ್ಟೆ ತುಂಬ ಸಕ್ಸಾವುಲ್ ಬೀಜ.
ತಾಸ್‌ಬಾಕಾ, ತಾಸ್‌ಬಾಕಾ ಎಂದು ಕುಣಿದೆವು.
"ಇವಕ್ಕೆ ಏನೂ ಗೊತ್ತಿಲ್ಲ," ಅಂದರು ಒರಾಜ್ ಮೇಷ್ಟ್ರು,
"ನಿಮ್ಮನ್ನು ನೋಡಿ ಕಲಿಯುತ್ತವೆ. ಜೋಪಾನ."
ಜೋಪಾನ ಅಂದದ್ದು ಆಮೆಗೆ ಅಂದುಕೊಂಡೆವು.

ಪೆರೀಝಾತ್ ತನ್ನದಕ್ಕೆ ಕಲಿಸಿದ್ದೇನೆಂದು ಯಾರಿಗೂ ತಿಳಿಯಲಿಲ್ಲ.
ಸುಮ್ಮನೆ ಅದರ ಪಕ್ಕ ಮಂಡಿಯೂರುವಳು,
ಮಣ್ಣು ಕೆದಕಿ ನಾಲಿಗೆಗೆ ಹಚ್ಚಿಕೊಳ್ಳುವಳು.
"ಇಲ್ಲಿ ಬೇಡ" ಅನ್ನುವಳು. ನಾಲ್ಕು ಹೆಜ್ಜೆ. "ಇಲ್ಲಿ."
ಶನಿವಾರ ಎಣಿಕೆ. ಅವಳ ಹನ್ನೆರಡರಲ್ಲಿ ಹನ್ನೊಂದು ಚಿಗುರಿತ್ತು.
ನನ್ನವು ಮೂರು. ಅದರಲ್ಲೊಂದನ್ನು ಮೇಕೆ ತಿಂದಿತ್ತು.
ಮೇಷ್ಟ್ರು ಅವಳ ತಲೆ ಸವರಿದರು.
ಅಷ್ಟೇ. ಒಂದು ಕೈ, ಒಂದು ಕ್ಷಣ.

ಕಿಚ್ಚು ಹೊಟ್ಟೆಯಲ್ಲೇ ಹತ್ತುವುದು, ಎದೆಯಲ್ಲಲ್ಲ.
ಅಮ್ಮ ಬಡಿಸಿದ ಜೋಳದ ಕಡುಬಿನ ಸಾರು
ಅದರ ಮೇಲೆ ಸುರಿದ ಎಣ್ಣೆಯಾಯಿತು.

ರಾತ್ರಿ ಆಮೆಗಳು ಹಜಾರದಲ್ಲಿ ಸಾಲಾಗಿ ಮಲಗುತ್ತಿದ್ದವು,
ಒಂದರ ಬಾಲಕ್ಕೆ ಇನ್ನೊಂದರ ಮೂಗು ತಾಗಿಸಿ,
ಹಗಲು ಕಲಿತದ್ದನ್ನು ಹಂಚಿಕೊಳ್ಳುತ್ತ.
ಇದನ್ನೂ ಮೇಷ್ಟ್ರು ಹೇಳಿದ್ದರು. ನಾನಾಗ ಕಿಟಕಿಯಾಚೆ ನೋಡುತ್ತಿದ್ದೆ.
ಹಾಗಾದರೆ ಅವಳದರ ಜಾಣತನ ನನ್ನದಕ್ಕೂ ಬರಬೇಕಿತ್ತಲ್ಲ?
ಬರುತ್ತಿತ್ತಂತೆ. ಮೆಲ್ಲಗೆ, ಬೇರು ಇಳಿದ ಹಾಗೆ.
ಇನ್ನೊಂದು ತಿಂಗಳು ಕಾದಿದ್ದರೆ ಸಾಕಿತ್ತಂತೆ.

ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ.
ಅವಳದನ್ನು ಎತ್ತಿದೆ, ಬೋರಲು ಹಾಕಿದೆ.
ನಾಲ್ಕು ಕಾಲೂ ಗಾಳಿಯಲ್ಲಿ ಹುಟ್ಟು ಹಾಕತೊಡಗಿದವು,
ದೋಣಿಯೆಲ್ಲ ತುಕ್ಕು ಹಿಡಿದ ಊರಲ್ಲಿ.
ನಗು ಬಂತು. ನಕ್ಕೆ ಕೂಡ.
ತಿರುಗಿದರೆ ನನ್ನದು ಕಣ್ಣು ತೆರೆದಿತ್ತು,
ಹಸಿರು ಚುಕ್ಕಿ, ಮಿಟುಕದೆ.

ಮರುದಿನ ಏನೂ ಆಗಲಿಲ್ಲ.
ಮೂರನೆಯ ದಿನ ಜಲ್ಗಾಸನ ಆಮೆ ಬೋರಲು ಬಿದ್ದಿತ್ತು.
ನಾಲ್ಕನೆಯ ದಿನ ಆರು.
ಆಮೇಲೆ ಹಗಲಲ್ಲೇ, ಎಲ್ಲರ ಕಣ್ಣೆದುರೇ,
ಒಂದು ನೆಟ್ಟದ್ದನ್ನು ಇನ್ನೊಂದು ಕೀಳತೊಡಗಿತು.
ಹುಡುಕಿ ಹುಡುಕಿ, ಚೆನ್ನಾಗಿ ಬಂದದ್ದನ್ನೇ.
ಜಲ್ಗಾಸ ಸರ್ಸೆನ್‌ನ ಹಲ್ಲು ಮುರಿದ.
ಅವರಮ್ಮಂದಿರು ಒಂದೇ ತಂದೂರಿನಲ್ಲಿ ರೊಟ್ಟಿ ತಟ್ಟುವುದನ್ನು ಬಿಟ್ಟರು.
ನುಕುಸ್‌ನಿಂದ ಬಂದ ಎಂಜಿನಿಯರ್ ಚಿಪ್ಪು ಬಿಚ್ಚಿ, ಮುಚ್ಚಿ,
"ಉಪ್ಪು ಒಳಗೆ ಹೋಗಿದೆ" ಅಂದ.
ಪಾಪದ ಉಪ್ಪು.

ಇಪ್ಪತ್ತನ್ನೂ ಬರಿದು ಮಾಡಿ ವಾಪಸು ಕೊಟ್ಟರು.
ಪೆರೀಝಾತ್ ಮಂಡಿಯೂರಿ ನಾಲಿಗೆಗೆ ಮಣ್ಣು ಹಚ್ಚಿ
"ಇಲ್ಲಿ" ಅಂದಳು.
ಅದು ಅವಳ ಬೆರಳನ್ನು ನೋಡಿತು,
ಬೆರಳನ್ನು ಮಾತ್ರ.
ಅವಳು ಅಳಲಿಲ್ಲ. ಮತ್ತೆ ಮಣ್ಣು ತಿನ್ನಲೂ ಇಲ್ಲ.

ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಳು. ಬಸ್ಸು ಓಡಿಸುತ್ತಾಳೆ.
"ಆ ಆಮೆಗಳು ನೆನಪಿವೆಯೇನೇ? ಕಳಪೆ ಮಾಲು."
"ಹೌದು, ಕಳಪೆ ಮಾಲು," ಅಂದೆ,
ಅವಳ ತಟ್ಟೆಗೆ ಇನ್ನೊಂದು ತುಂಡು ಕರಬೂಜ ಹಾಕಿದೆ.

ಅವಳ ಹನ್ನೊಂದರಲ್ಲಿ ಒಂದೂ ಉಳಿಯಲಿಲ್ಲ.
ನನ್ನವೆರಡು ಉಳಿದವು. ಯಾವ ಆಮೆಯೂ ಮುಟ್ಟಿರಲಿಲ್ಲ,
ಅವನ್ನು ಕಂಡು ಯಾರು ಕರುಬಬೇಕು?
ಈಗ ನನಗಿಂತ ಎತ್ತರ. ದಾರಿಹೋಕರು ಚಿಂದಿ ಬಟ್ಟೆ ಕಟ್ಟಿ
ಹರಕೆ ಹೊತ್ತುಕೊಂಡು ಹೋಗುತ್ತಾರೆ.
ಒಮ್ಮೊಮ್ಮೆ ಹೋಗಿ ಬುಡದಲ್ಲಿ ಕೂರುತ್ತೇನೆ,
ಯಾರೂ ಇಲ್ಲದಾಗ ಬೆರಳಲ್ಲಿ ಮಣ್ಣು ಕೆದಕಿ
ನಾಲಿಗೆಗೆ ಹಚ್ಚಿ ಕಾಯುತ್ತೇನೆ.

ಉಪ್ಪು. ಅಷ್ಟೇ ತಿಳಿಯುವುದು ನನಗೆ.